ಮಗ್ಗ ನಿಂತ ಮೇಲಿನ ಸದ್ದು

ಲಾಳಿಗೆ ಮೊದಲು ಅನುಮಾನ ಬಂದದ್ದು ಫ್ರಿಜ್ಜಿನ ಮೇಲೆ.

ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕಾಲು ಚಾಚಿದರೆ ಸಾಕು, ಎಲ್ಲಿಂದಲೋ ಸಣ್ಣಗೆ, ಚೂಪಾಗಿ ಒಂದು ಸದ್ದು ಶುರುವಾಗುತ್ತಿತ್ತು. ಕುಂಯ್ ಎಂದು ಹಿಡಿದರೆ ಬಿಡುವ ಮಾತೇ ಇಲ್ಲ, ನಡುವೆ ಉಸಿರು ಸಹ ತೆಗೆದುಕೊಳ್ಳುತ್ತಿರಲಿಲ್ಲ. ಅವನು ಎದ್ದು ಹೋಗಿ ಫ್ರಿಜ್ಜಿನ ಪ್ಲಗ್ಗು ಕಿತ್ತ. ಸದ್ದು ನಿಲ್ಲಲಿಲ್ಲ, ಸಂಜೆ ಹೊತ್ತಿಗೆ ಹಾಲು ಮಾತ್ರ ಒಡೆದಿತ್ತು. ಆಮೇಲೆ ಅಪವಾದ ಟ್ಯೂಬ್‌ಲೈಟಿನ ಮೇಲೆ ಹೋಯಿತು, ಅಲ್ಲಿಂದ ನೀರಿನ ಕೊಳವೆಯ ಮೇಲೆ, ಅಲ್ಲಿಂದ ಪಕ್ಕದ ಮನೆಯ ದರ್ಜಿಯ ಪಂಪಿನ ಮೇಲೆ. ದರ್ಜಿ ಪಾಪದ ಮನುಷ್ಯ. "ನಮ್ಮ ಪಂಪು ಕೆಟ್ಟು ಕೂತಿದೆ ಮಾವ, ನೀರು ನಾನೇ ಹೊರ್ತಾ ಇದೀನಿ," ಎಂದು ಅಂಗೈಯ ಬೊಬ್ಬೆ ತೋರಿಸಿದ. ಕೊನೆಗೊಂದು ದಿನ ಮಗಳು ಬಂದು ನೋಡಿದರೆ ಮನೆಯ ಮೇನ್ ಸ್ವಿಚ್ಚು ಇಳಿಸಿತ್ತು, ಅಪ್ಪ ಗೋಡೆಗೆ ಕಿವಿ ಒತ್ತಿಕೊಂಡು ಹಲ್ಲಿಯ ಹಾಗೆ ನಿಂತಿದ್ದ.

"ಏನಪ್ಪ ಇದು?" ಎಂದಳು ಮಗಳು, ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು.

"ಈ ದರಿದ್ರ ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕ್ತಿದೀನಿ. ಇದೊಂದು ನಿಂತ್ರೆ ನಿಮ್ಮಮ್ಮ ಹೇಳೋದು ನನಗೆ ಕೇಳುತ್ತೆ."

ಈ ಒಂದು ಆಸೆಗೆ ಅವನು ಜೋತುಬಿದ್ದಿದ್ದ. ಹೆಂಡತಿಯ ಮಾತು ಅವನಿಗೆ ತಪ್ಪಿಹೋಗಿತ್ತು, ಅದು ಮತ್ತೆ ಸಿಗಬೇಕಿತ್ತು. ಅದು ಹೇಗೆ ತಪ್ಪಿತೆಂದು ತಿಳಿಯಬೇಕಾದರೆ ಹಳೆಯ ಗಿರಣಿಯ ಮಗ್ಗದ ಶೆಡ್ಡಿಗೇ ಹೋಗಬೇಕು.

ಲಾಳಿ ಅನ್ನುವುದು ಗಿರಣಿ ಕೊಟ್ಟ ಹೆಸರು. ಹೆತ್ತವರು ಇಟ್ಟದ್ದು ಪಿಂಚಣಿ ಕೊಡುವವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿಲ್ಲ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಹಾರುವ ಲಾಳಿಯ ಹಾಗೆಯೇ ಅವನೂ ತನ್ನ ಸಾಲಿನ ಮಗ್ಗಗಳ ನಡುವೆ ಓಡುತ್ತಿದ್ದ. ಒಂದು ಕಡೆ ಎಳೆ ಕಡಿದರೆ ಗಂಟು ಹಾಕಬೇಕು, ಇನ್ನೊಂದು ಕಡೆ ಲಾಳಿಯೊಳಗಿನದು ಮುಗಿದರೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಬೇಕು. ಅಷ್ಟೂ ಮಗ್ಗಗಳು ಒಟ್ಟಿಗೆ ಓಡುವಾಗ ನೆಲ ಅದುರುತ್ತಿತ್ತು, ಬಾಯೊಳಗಿನ ಹಲ್ಲೂ ಅದುರುತ್ತಿತ್ತು. ಗಂಟಲು ಹರಿದುಕೊಂಡು ಕೂಗಿದರೂ ತನ್ನ ದನಿ ತನಗೇ ಕೇಳದು. ಹಾಗಾಗಿ ಅಲ್ಲಿನವರು ದನಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು. ತುಟಿಯನ್ನು ದೊಡ್ಡದಾಗಿ, ನಿಧಾನವಾಗಿ ಆಡಿಸುವುದು, ಹುಬ್ಬು ಬೆರಳು ಎರಡನ್ನೂ ಜೊತೆಗೆ ದುಡಿಸುವುದು, ಆದರೆ ಗಂಟಲಿನಿಂದ ಒಂದು ಚೂರೂ ಹೊರಡಿಸದಿರುವುದು. ಹಾಗೆ ಶೆಡ್ಡಿನ ಆ ತುದಿಯಲ್ಲಿದ್ದವರ ಜೊತೆ ಮನೆಯ ಕಷ್ಟಸುಖ ಹಂಚಿಕೊಳ್ಳಬಹುದಿತ್ತು, ಬೆನ್ನ ಹಿಂದೆ ನಿಂತ ಮೇಸ್ತ್ರಿಗೆ ಸುಳಿವೇ ಸಿಗದಂತೆ ಅವನ ಜನ್ಮ ಜಾಲಾಡಬಹುದಿತ್ತು. ಯಾರನ್ನಾದರೂ ಕರೆಯುವುದೊಂದೇ ಕಷ್ಟ. ಅವರು ಈ ಕಡೆ ನೋಡಬೇಕಲ್ಲ. ಅದಕ್ಕೆ ಎಲ್ಲರ ಜೇಬಿನಲ್ಲೂ ಹಾಳು ನೂಲಿನ ಪುಟ್ಟ ಉಂಡೆಗಳು ಇರುತ್ತಿದ್ದವು. ಉಂಡೆ ಬೆನ್ನಿಗೆ ಬಿತ್ತೆಂದರೆ ಯಾರೋ ಕರೆದರು ಎಂದರ್ಥ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳಿಗೆ ಇದೊಂದೂ ಗೊತ್ತಿರಲಿಲ್ಲ. ಪಕ್ಕದ ಮಗ್ಗದ ಗೆಳತಿಯ ಕಿವಿಗೆ ಬಾಯಿ ಹಚ್ಚಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತಿದ್ದಳು. ಒಂದು ಬೆಳಿಗ್ಗೆ ಹಾಗೆ ಕೂಗುತ್ತಿರುವಾಗಲೇ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಆ ದೊಡ್ಡ ಮೌನದ ನಡುವೆ ಅವಳ ದನಿಯೊಂದೇ, ಗಾಜಿನ ಲೋಟಕ್ಕೆ ಚಮಚ ತಾಗಿದಂತೆ, ಸ್ವಚ್ಛವಾಗಿ ಕೇಳಿಸಿತು.

"ಆ ಲಾಳಿ ಅನ್ನೋನಿಗೆ ಮದುವೆ ಆಗಿದೆಯೇನೇ?"

ಶೆಡ್ಡಿಗೆ ಶೆಡ್ಡೇ ತಿರುಗಿ ನೋಡಿತು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಲಾಳಿ ಕೈಯಲ್ಲಿದ್ದ ಕಂಡಿಕೆ ಬೀಳಿಸಿಕೊಂಡ. ಜನ ಕರೆಂಟು ಬರುವ ತನಕ ಬಾಯಿಬಿಟ್ಟು ನಕ್ಕರು, ಬಂದ ಮೇಲೆ ತುಟಿಯಲ್ಲೇ ನಗು ಮುಂದುವರಿಸಿದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಮೇಸ್ತ್ರಿ ಕೂಡ ಗೋಡೆಗೆ ಮುಖ ಮಾಡಿ ನಿಂತು ಹೆಗಲು ಕುಲುಕಿಸಿದ. ಮದುವೆ ಆಗಿರಲಿಲ್ಲ, ಆ ವರ್ಷ ಮುಗಿಯುವುದರೊಳಗೆ ಆಯಿತು, ಅವಳ ಜೊತೆಗೇ.

ಆದರೆ ಅವತ್ತಿನ ನಾಚಿಕೆ ಅವಳನ್ನು ಬಿಡಲಿಲ್ಲ. ಹಟ ಹಿಡಿದು ಶೆಡ್ಡಿನ ಭಾಷೆ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಆಮೇಲೆ ಲಾಳಿಯ ಜೊತೆ ದನಿ ತೆಗೆದು ಮಾತಾಡಿದ್ದೇ ಅಪರೂಪ. ಪಾಳಿ ಮುಗಿಸಿ ಬೀದಿಯಲ್ಲಿ ನಡೆಯುವಾಗಲೂ ತುಟಿಯಲ್ಲೇ ಮಾತು, ಊಟಕ್ಕೆ ಕೂತರೂ ತುಟಿಯಲ್ಲೇ. ಮಗಳು ಹುಟ್ಟಿದ ಮೇಲೆ ಅವಳು ಬಟ್ಟೆ ಮಡಿಸುವ ವಿಭಾಗಕ್ಕೆ ಹೋದಳು, ಹಾಗಾಗಿ ಅವಳ ಕಿವಿ ಉಳಿಯಿತು. ಭಾಷೆ ಮಾತ್ರ ಮನೆಯಲ್ಲಿ ಅದೇ ಮುಂದುವರಿಯಿತು. ಕೂಸಿದ್ದ ಮನೆಗೆ ಅದೇ ಅನುಕೂಲ. ಎಂಥ ರಂಪವಾದರೂ ಮಗು ಏಳುತ್ತಿರಲಿಲ್ಲ. ಎದುರು ಮನೆಯವರು ಕಿಟಕಿಯಿಂದ ಇಣುಕಿ, ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂದು ಮರುಗುತ್ತಿದ್ದರು. ಒಳಗೆ ಇವರಿಬ್ಬರೂ ಎದುರು ಮನೆಯವರನ್ನೇ ಆಡಿಕೊಂಡು ನಗುತ್ತಿದ್ದರು. ಅಡುಗೆಮನೆಯಿಂದ ಗಂಡನನ್ನು ಕರೆಯಬೇಕಾದರೆ ಅವಳು ಬಾಗಿಲ ತನಕ ಬಂದು ಒಂದು ನೂಲುಂಡೆ ಎಸೆಯುತ್ತಿದ್ದಳು. ಗುರಿ ತಪ್ಪಿದ್ದಿಲ್ಲ. ಮಗಳೂ ಸುಮ್ಮನೆ ಬೆಳೆಯಲಿಲ್ಲ, ತುಟಿ ಓದುವುದನ್ನು ಕಲಿತು, ಶಾಲೆಯ ಅಂಗಳದ ಆಚೆ ತುದಿಯಲ್ಲಿ ಮೇಡಂಗಳು ಏನು ಗುಸುಗುಸು ಮಾಡುತ್ತಿದ್ದಾರೆಂದು ಗೆಳತಿಯರಿಗೆ ಹೇಳಿ ಒಮ್ಮೆ ಸಿಕ್ಕಿಬಿದ್ದಳು.

ಆ ಕಾಲ ಲಾಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಾಡಿನ ಗಾಜಿನಿಂದ ಓರೆಯಾಗಿ ಇಳಿಯುವ ಬೆಳಕು, ಆ ಬೆಳಕಿನಲ್ಲಿ ತೇಲುವ ಹತ್ತಿಯ ಧೂಳು, ಅದು ಅವಳ ಹುಬ್ಬಿನ ಮೇಲೆ ಕೂತು ಎಳೆ ಹುಡುಗಿಯನ್ನು ಮುದುಕಿ ಮಾಡುತ್ತಿದ್ದದ್ದು. ಗೇಟಿನ ಹೊರಗೆ ನಿಂತು ಒಬ್ಬರ ತಲೆಯ ಹತ್ತಿಯನ್ನು ಇನ್ನೊಬ್ಬರು ಹೆಕ್ಕುತ್ತಿದ್ದದ್ದು. ಈಗ ಅವಳ ಹುಬ್ಬು ನಿಜವಾಗಿಯೇ ನರೆತಿದೆ, ಅವನು ಮರೆತು ಒಮ್ಮೊಮ್ಮೆ ಹೆಕ್ಕಲು ಕೈ ಚಾಚುತ್ತಾನೆ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಆ ಜಾಗದಲ್ಲಿ ಮಂಚ, ಸೋಫಾ ಮಾರುವ ಅಂಗಡಿ ಬಂದಿದೆ. ಲಾಳಿ ಒಮ್ಮೆ ಒಳಗೆ ಹೋಗಿ ನೆಲದ ಮೇಲೆ ಅಂಗಾಲು ಊರಿ ನಿಂತು ಬಂದಿದ್ದ, ಕೊಳ್ಳುವುದೇನೂ ಇರಲಿಲ್ಲ.

ಇಷ್ಟರ ನಡುವೆ ಅವನ ಕಿವಿ ಸದ್ದಿಲ್ಲದೆ ಕೈಕೊಟ್ಟಿತ್ತು. ಯಾರಿಗೂ ತಿಳಿಯಲಿಲ್ಲ, ಅವನಿಗೇ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಹೆಂಡತಿಯ ತುಟಿ ಓದುತ್ತಿದ್ದ, ಮಗಳ ತುಟಿ ಓದುತ್ತಿದ್ದ, ಕಿರಾಣಿ ಅಂಗಡಿಯವನ ತುಟಿಯನ್ನೂ ಓದುತ್ತಿದ್ದ. ಮಾತಾಡುವವರ ಮುಖವನ್ನು ಬಿಟ್ಟು ಕಣ್ಣು ಕದಲಿಸುವುದಿಲ್ಲ, ಎಂಥ ಮರ್ಯಾದಸ್ಥ ಎಂದು ಬೀದಿಯವರು ಹೊಗಳುತ್ತಿದ್ದರು. ಹೆಂಡತಿ ಬೇರೆಯವರ ಜೊತೆ ದನಿ ತೆಗೆದೇ ಮಾತಾಡುತ್ತಿದ್ದಳು, ಅದು ಇವನ ಕಿವಿಗೆ ಬೀಳುವುದು ಯಾವತ್ತೋ ನಿಂತಿತ್ತು. ಬೇರೆ ಮನೆಯಾಗಿದ್ದರೆ ಹೆಂಡತಿ "ಕಿವಿ ಕೇಳಲ್ವಾ" ಎಂದು ಗದರಿ ಎಂದೋ ಗುಟ್ಟು ರಟ್ಟಾಗಿರುತ್ತಿತ್ತು. ಈ ಮನೆಯಲ್ಲಿ ಕಿವಿಗೆ ಕೆಲಸವೇ ಇರಲಿಲ್ಲವಲ್ಲ.

ಹಾಗಿರುವಾಗ ಈ ಚಳಿಗಾಲದ ಒಂದು ಬೆಳಿಗ್ಗೆ ಅವಳು ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಬದಿಯಿಂದ ತಾನಾಗಿ ಸೋರಿತು. ಮುಖದ ಎಡಭಾಗದ ನರ ಸೋತಿತ್ತು. ಕೈಕಾಲು ಗಟ್ಟಿಯಾಗಿದ್ದವು, ಬುದ್ಧಿಯೂ ನಾಲಿಗೆಯೂ ಹರಿತವಾಗಿಯೇ ಇದ್ದವು, ಬಾಯಿ ಮಾತ್ರ ಸೊಟ್ಟಗಾಗಿತ್ತು. "ಜೀವಕ್ಕೇನೂ ತೊಂದರೆ ಇಲ್ಲ, ಬರ್ತಾ ಬರ್ತಾ ಸರಿಹೋಗುತ್ತೆ. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಮಾತ್ರ ಹೇಳಲಾರೆ," ಎಂದರು ಡಾಕ್ಟರು. ಬೇರೆ ದಂಪತಿಗಾಗಿದ್ದರೆ ಅದು ಅಂದಚೆಂದದ ಪ್ರಶ್ನೆ. ಇವರಿಗೆ ಮನೆಯ ಮಾತೇ ಬಿದ್ದುಹೋದಂತಾಯಿತು.

ಲಾಳಿ ಎದುರು ಕೂತು ಎಷ್ಟು ದಿಟ್ಟಿಸಿದರೂ ಅರ್ಥವಾಗಲೊಲ್ಲದು. ಅರ್ಧ ತುಟಿ ಏನೋ ಹೇಳುತ್ತಿತ್ತು, ಇನ್ನರ್ಧ ಜೋತುಬಿದ್ದು ಸುಮ್ಮನಿರುತ್ತಿತ್ತು. ಮೇಲಾಗಿ ಅವಳಿಗೆ ಆ ಬಾಯಿಯನ್ನು ಯಾರಿಗೂ ತೋರಿಸಲು ಇಷ್ಟವಿರಲಿಲ್ಲ, ಗಂಡನಿಗಂತೂ ಮೊದಲೇ ಇಲ್ಲ. ಶಾಲಿನ ತುದಿಯನ್ನು ಮೂಗಿನ ತನಕ ಎಳೆದುಕೊಂಡು ಕೂರುತ್ತಿದ್ದಳು. ದನಿ ತೆಗೆದು ಹೇಳಿ ನೋಡಿದಳು. ಅವನಿಗೆ ಕೇಳಿಸಿದ್ದು ಕುಂಯ್ ಮಾತ್ರ. ಚೀಟಿ ಬರೆದಳು. ಉಪ್ಪು ಮುಗಿದಿದೆ, ನಲ್ಲಿ ಸೋರುತ್ತಿದೆ ಅನ್ನುವುದಕ್ಕೆ ಚೀಟಿ ಸಾಕು. ಆದರೆ ಚೀಟಿಯಲ್ಲಿ ಯಾರು ಜಗಳ ಆಡುತ್ತಾರೆ, ಎದುರು ಮನೆಯವರನ್ನು ಯಾರು ಆಡಿಕೊಳ್ಳುತ್ತಾರೆ? ಬರೆಯುವಷ್ಟರಲ್ಲಿ ಸಿಟ್ಟೂ ಆರಿಹೋಗುತ್ತದೆ, ನಗುವೂ ಆರಿಹೋಗುತ್ತದೆ. ಮನೆ ಬಿಕೋ ಎನ್ನತೊಡಗಿತು. ಮನೆ ಬಿಕೋ ಎಂದಷ್ಟೂ ಆ ಸದ್ದು ಜೋರಾಯಿತು.

ನಿಜ ಹೇಳಬೇಕೆಂದರೆ ಸದ್ದು ಹೊಸದಲ್ಲ. ಗಿರಣಿ ಬಿಟ್ಟಂದಿನಿಂದ ತಲೆಯ ಹಿಂದೆಲ್ಲೋ ಇದ್ದೇ ಇತ್ತು. ಮೌನ ಅಂದರೆ ಹಾಗೇ, ಎಲ್ಲರ ಮನೆಯ ಮೌನಕ್ಕೂ ಸಣ್ಣದೊಂದು ಕುಂಯ್ ಇರುತ್ತದೆ ಎಂದು ಅವನು ತಿಳಿದಿದ್ದ. ಈಗ ಅದೇ ಹೆಂಡತಿಯ ಮಾತಿಗೆ ಅಡ್ಡ ನಿಂತಿದೆ ಎಂದು ಅದರ ಮೇಲೆ ಹಲ್ಲು ಕಡಿಯುತ್ತಿದ್ದ.

ಗೋಡೆಗೆ ಕಿವಿ ಹಚ್ಚಿ ಸಿಕ್ಕಿಬಿದ್ದ ಮರುದಿನವೇ ಮಗಳು ಇಬ್ಬರನ್ನೂ ಕಿವಿ ಪರೀಕ್ಷೆ ಮಾಡುವ ಹೆಂಗಸಿನ ಹತ್ತಿರ ಕರೆದೊಯ್ದಳು. ಅವಳು ಲಾಳಿಯನ್ನು ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗಲೆಲ್ಲ ಒತ್ತಲು ಒಂದು ಗುಂಡಿ ಕೊಟ್ಟಳು. ಮೊದಮೊದಲು ಒತ್ತಿದ. ಆಮೇಲೆ ಗಾಜಿನಾಚೆ ಅವಳು ತಿರುಪು ತಿರುಗಿಸುತ್ತಿರುವುದು ಕಾಣುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅವಳು ಮಗಳ ಕಡೆ ವಾಲಿ, "ಪಾಪ, ಇಷ್ಟು ವರ್ಷ ಹೇಗೆ ಸಂಭಾಳಿಸಿದ್ರೋ," ಎಂದಳು.

"ಪಾಪ ಅನ್ನೋ ಅಗತ್ಯ ಏನಿಲ್ಲ," ಎಂದ ಲಾಳಿ ಗೂಡಿನ ಒಳಗಿನಿಂದಲೇ. ಪರೀಕ್ಷೆಯವಳು ಬೆಚ್ಚಿಬಿದ್ದಳು.

ಹೊರಗೆ ಬಂದ ಮೇಲೆ ತನ್ನ ವಾದ ಮಂಡಿಸಿದ. "ಕಿವಿಗೆ ಏನೂ ಆಗಿಲ್ಲಮ್ಮ. ಈ ಸದ್ದೊಂದನ್ನ ತೆಗೆದುಹಾಕಿ. ಇದು ಅಡ್ಡ ಬಂದು ಬೇರೆ ಎಲ್ಲಾನೂ ಮುಚ್ಚಿಬಿಡ್ತಿದೆ."

"ನೀವು ತಲೆಕೆಳಗಾಗಿ ತಿಳ್ಕೊಂಡಿದೀರ ಯಜಮಾನ್ರೇ," ಎಂದಳು ಅವಳು, ಅವನಿಗೆ ಕಾಣುವಂತೆ ಎದುರು ಕೂತು. "ಸದ್ದು ಬಂದು ಕಿವಿ ಮುಚ್ಚಿಲ್ಲ. ಕಿವಿ ಮುಚ್ಚಿದ್ದಕ್ಕೇ ಸದ್ದು ಬಂದಿದೆ. ಕಿವಿ ಒಳಗೆ ಕೂದಲಿನ ಥರ ಸಣ್ಣ ಸಣ್ಣ ಎಳೆ ಇರೋ ಜೀವಕೋಶಗಳಿರುತ್ತೆ. ಮಗ್ಗದ ಗದ್ದಲಕ್ಕೆ ನಿಮ್ಮವು ಸತ್ತಿವೆ, ಅದರಲ್ಲೂ ತೆಳು ದನಿ ಹಿಡಿಯೋವು ಮೊದಲು ಸತ್ತಿವೆ. ಅವು ಮತ್ತೆ ಹುಟ್ಟಲ್ಲ. ಆದ್ರೆ ಮಿದುಳಿಗೆ ಅದು ಗೊತ್ತಾಗಲ್ಲ. ಆ ಕಡೆಯಿಂದ ಯಾಕೋ ಸುದ್ದಿನೇ ಇಲ್ವಲ್ಲ ಅಂತ ಇನ್ನೂ ಜಾಸ್ತಿ ಕಿವಿಗೊಡುತ್ತೆ. ರೇಡಿಯೋ ಸರಿಯಾಗಿ ಹಿಡೀದಿದ್ರೆ ನಾವು ವಾಲ್ಯೂಮ್ ಏರಿಸ್ತೀವಲ್ಲ, ಹಾಗೆ. ಏರಿಸಿ ಏರಿಸಿ ಕೊನೆಗೆ ತನ್ನದೇ ನರಗಳ ಗಿಜಿಗಿಜಿ ಅದಕ್ಕೆ ಸದ್ದಾಗಿ ಕೇಳಿಸುತ್ತೆ. ಇದು ಫ್ರಿಜ್ಜಲ್ಲೂ ಇಲ್ಲ, ಕಿವಿಯಲ್ಲೂ ಇಲ್ಲ. ಮಿದುಳು ತಾನೇ ಹುಟ್ಟಿಸಿಕೊಂಡಿರೋದು."

"ಅಂದ್ರೆ ನನಗೆ ತಲೆ ಕೆಟ್ಟಿದೆ ಅಂತೀರಾ?"

"ಇಲ್ಲಪ್ಪ. ಮಿದುಳಿಗೆ ಖಾಲಿ ಜಾಗ ಕಂಡ್ರೆ ಆಗಲ್ಲ, ಏನಾದ್ರೂ ತುಂಬುತ್ತೆ, ಅಷ್ಟೇ. ಮನಸ್ಸಿಗೆ ಬೇಜಾರಿದ್ದು ನೀವು ಅದನ್ನೇ ಕಾಯ್ತಾ ಕೂತ್ರೆ ಇನ್ನೂ ಜೋರಾಗಿ ಕೇಳಿಸುತ್ತೆ."

ಲಾಳಿ ತಲೆ ತಗ್ಗಿಸಿ ಯೋಚಿಸಿದ. ಹಳೆಯ ಮಗ್ಗಗಳಲ್ಲಿ ಕಂಡಿಕೆಯ ನೂಲು ಮುಗಿದದ್ದನ್ನು ಯಾರೂ ಗಮನಿಸದಿದ್ದರೆ ಮಗ್ಗ ಹಾಗೇ ಓಡುತ್ತಿತ್ತು. ಲಾಳಿ ಬರಿದೇ ಅತ್ತಿಂದಿತ್ತ ಹಾರುತ್ತಿತ್ತು, ಸದ್ದು ಅಷ್ಟೇ ಜೋರು, ಬಟ್ಟೆ ಮಾತ್ರ ಇಲ್ಲ. ತನ್ನ ತಲೆಯೊಳಗೂ ಅದೇ ನಡೆದಿದೆ ಎಂದು ಅವನಿಗೆ ಹೊಳೆಯಿತು. ಹೊಳೆದು ಸಂಕಟವಾಯಿತು. ಸದ್ದು ಹೋದರೆ ಅವಳ ಮಾತು ಕೇಳುತ್ತದೆ ಎಂದು ನಂಬಿದ್ದವನಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

"ಯಂತ್ರ ಹಾಕಿ ನೋಡೋಣ," ಎಂದಳು ಪರೀಕ್ಷೆಯವಳು. "ಹೊರಗಿನ ಸದ್ದು ಒಳಗೆ ಹೋದ್ರೆ ಮಿದುಳು ತನ್ನ ಗಲಾಟೆ ಸ್ವಲ್ಪ ಕಮ್ಮಿ ಮಾಡಬಹುದು. ಪೂರ್ತಿ ನಿಲ್ಲುತ್ತೆ ಅಂತ ಮಾತು ಕೊಡಲ್ಲ."

ಎರಡೂ ಕಿವಿಗೆ ಅವರೆಕಾಳಿಗಿಂತ ತುಸು ದೊಡ್ಡ ಯಂತ್ರಗಳು ಬಂದವು. ಲಾಳಿಗೆ ತಾನು ಕೂತ ಕುರ್ಚಿ ಕಿರುಗುಡುವುದು ಕೇಳಿಸಿತು, ಕಾಗದ ಮಗುಚುವುದು ಕೇಳಿಸಿತು, ತಾನು ಉಗುಳು ನುಂಗಿದ್ದೂ ಕೇಳಿಸಿತು. ಪರೀಕ್ಷೆಯವಳು ಅವನ ಹೆಂಡತಿಯತ್ತ ತಿರುಗಿ, "ಅಮ್ಮ, ನೀವು ಅವರ ಹಿಂದೆ ನಿಂತು ಏನಾದ್ರೂ ಮಾತಾಡಿ," ಎಂದಳು.

ಅವಳು ಹಿಂದೆ ಹೋಗಿ ನಿಂತಳು. ಏನು ಮಾತಾಡುವುದು? ಮಾತಾಡು ಎಂದರೆ ಯಾರಿಗಾದರೂ ಮಾತು ಬರುತ್ತದೆಯೇ? ಶಾಲಿನ ಮರೆಯಿಂದ ತೋಚಿದ್ದನ್ನು ಹೇಳಿದಳು. "ಬರುವಾಗ ಒಲೆ ಆರಿಸಿದ್ನೋ ಇಲ್ವೋ."

ಲಾಳಿಗೆ ಪ್ರತಿಯೊಂದು ಶಬ್ದವೂ ಕೇಳಿಸಿತು. ತಗ್ಗಿನ, ದೊರಗು ದನಿ, ನಡುನಡುವೆ ಗಾಳಿ ಸೋರುವಂಥದ್ದು. ಅವನು ಪರೀಕ್ಷೆಯವಳ ಮುಖ ನೋಡಿದ.

"ಯಾರು ಮಾತಾಡಿದ್ದು? ಹಿಂದೆ ಬೇರೆ ಯಾರೋ ಬಂದಿದಾರಾ?"

ತಿರುಗಿ ನೋಡಿದರೆ ಅಲ್ಲಿದ್ದದ್ದು ಅವಳೊಬ್ಬಳೇ. ಅವಳ ಕಣ್ಣು ತುಂಬಿತ್ತು. ಶಾಲನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು.

ಅವತ್ತಿನಿಂದ ಅವಳು ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಲಾಳಿ ಯಂತ್ರ ಹಾಕಿಕೊಂಡು ಕೂತರೆ ಗಡಿಯಾರ ಕೇಳುತ್ತಿತ್ತು, ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು, ದರ್ಜಿಯ ಹೊಲಿಗೆ ಯಂತ್ರ ಗೋಡೆ ದಾಟಿ ಬರುತ್ತಿತ್ತು. ಬೇಕಾದದ್ದೊಂದು ಬಿಟ್ಟು ಬೇಡದ್ದೆಲ್ಲ ಕೇಳುತ್ತಿತ್ತು. ಗುರುತು ಸಿಗದ್ದಕ್ಕೆ ತನ್ನ ಮೇಲೇ ಅವನಿಗೆ ಸಿಟ್ಟು. ಕಟ್ಟಿಕೊಂಡವಳ ದನಿ ತಿಳಿಯದ ಗಂಡ ಎಲ್ಲಾದರೂ ಉಂಟೇ?

ಕೂತು ಕೂತು ಕೊನೆಗೆ ತಿಳಿಯಿತು. ಇಷ್ಟು ವರ್ಷ ಅವಳ ತುಟಿ ಆಡಿದಾಗ ಅವನು ಬರೀ ನೋಡಿರಲಿಲ್ಲ, ಕೇಳಿದ್ದ. ನಿಜವಾಗಿ ಕೇಳಿದ್ದ. ಗಾಜಿನಂಥ ಸ್ವಚ್ಛ ದನಿ, ಕರೆಂಟು ಹೋದ ಬೆಳಿಗ್ಗೆ ಶೆಡ್ಡಿನಲ್ಲಿ ಉಳಿದ ದನಿ. ತುಟಿ ಅವಳದು, ದನಿ ಹಚ್ಚಿದ್ದು ಅವನ ಮಿದುಳು. ಅದಕ್ಕೆ ಖಾಲಿ ಜಾಗ ಕಂಡರೆ ಆಗುವುದಿಲ್ಲವಲ್ಲ. ಅವಳ ಹುಬ್ಬು ನರೆತ ಮೇಲೂ ಅವನ ತಲೆಯಲ್ಲಿ ಅವನನ್ನು ಬೈಯುತ್ತಿದ್ದವಳು ಆ ಎಳೆ ಹುಡುಗಿಯೇ. ಆ ಹುಡುಗಿ ಇನ್ನು ಮಾತಾಡುವುದಿಲ್ಲ ಎಂದು ತಿಳಿದಾಗ ಲಾಳಿಗೆ ಅಳು ತಡೆಯಲಾಗಲಿಲ್ಲ. ಮನಸಾರೆ ಅತ್ತ. ಅತ್ತು, ಮುಖ ತೊಳೆದುಕೊಂಡು, ಅಡುಗೆಮನೆಯಲ್ಲಿ ಮುನಿಸಿಕೊಂಡು ಕೂತ ಮುದುಕಿಯ ಹತ್ತಿರ ಹೋದ.

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ, ಗಿರಣಿಯಲ್ಲಿ ಮಡಿಸುತ್ತಿದ್ದ ಹಾಗೇ. ಅವನು ಎದುರು ಸ್ಟೂಲು ಎಳೆದುಕೊಂಡ.

"ನಿನ್ನ ದನಿ ಮರೆತು ಹಾಗೆ ಕೇಳಿದ್ದಲ್ಲ ಕಣೇ. ಮರೆಯದೆ ಇದ್ದದ್ದಕ್ಕೇ ಗುರುತು ಸಿಗಲಿಲ್ಲ."

ಅವಳು ತಲೆ ತಗ್ಗಿಸಿಯೇ ಇನ್ನೊಂದು ಬಟ್ಟೆ ಎತ್ತಿಕೊಂಡಳು.

"ಕರೆಂಟು ಹೋದಾಗ ಕೂಗಿದ್ಯಲ್ಲ, ಆ ದನಿ ನನ್ನ ತಲೆಗೆ ಅಂಟಿಕೊಂಡ್ಬಿಟ್ಟಿದೆ. ಆಮೇಲೆ ನೀನು ಏನು ಹೇಳಿದ್ರೂ ಅದರಲ್ಲೇ ಕೇಳಿಸ್ತಿತ್ತು. ನಿಮ್ಮಮ್ಮ ತೀರಿಕೊಂಡಾಗ ನೀನು ಅತ್ತದ್ದು, ಮಗಳ ಮದುವೇಲಿ ನನ್ನ ಮಾನ ಹರಾಜು ಹಾಕಿದ್ದು, ಎಲ್ಲಾ ಆ ಹುಡುಗಿ ದನೀಲೇ. ನಿನಗೆ ವಯಸ್ಸಾಗಿದೆ ಅಂತ ನನ್ನ ಕಿವಿಗೆ ಯಾರೂ ಹೇಳೇ ಇಲ್ಲ."

ಮಡಿಸುವ ಕೈ ನಿಂತಿತು. ಅವಳ ಹೆಗಲು ಕುಲುಕಿತು. ಅಳುತ್ತಿದ್ದಾಳೆಂದು ಅವನು ಮುಂದೆ ಬಾಗಿದರೆ ಅಲ್ಲ, ನಗುತ್ತಿದ್ದಳು. ಕೆಮ್ಮಿನ ಹಾಗೆ ಕೊಕ್ಕೊಕ್ ಎನ್ನುವ ನಗು. ಇಷ್ಟು ಕಾಲ ಆ ನಗುವನ್ನು ಅವನು ಕಂಡಿದ್ದನೇ ಹೊರತು ಅದಕ್ಕೆ ಇಂಥ ಸದ್ದಿದೆಯೆಂದು ತಿಳಿದಿರಲಿಲ್ಲ. ಶಾಲು ಜಾರಿ ಮಡಿಲಿಗೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ.

"ಈ ಮುದುಕಿ ದನಿ ಹಿಡಿಸ್ತಾ ಹಾಗಾದ್ರೆ?" ಎಂದಳು, ದನಿ ತೆಗೆದು.

"ಇನ್ನೂ ಪರಿಚಯ ಆಗಿಲ್ಲ. ಮಾತಾಡ್ತಾ ಇರು, ನೋಡೋಣ."

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಲಾಳಿ ಊಟ ಮುಗಿಸಿ ಕುರ್ಚಿಯಲ್ಲಿ ಕಾಲು ಚಾಚಿದ್ದ. ಕುಂಯ್ ಎಲ್ಲೂ ಹೋಗಿರಲಿಲ್ಲ, ಮೂಲೆಯಲ್ಲಿ ತನ್ನ ಪಾಡಿಗೆ ತಾನಿತ್ತು. ಫ್ರಿಜ್ಜಿನ ಪ್ಲಗ್ಗಿಗೆ ಈಗ ಯಾರ ಕಾಟವೂ ಇರಲಿಲ್ಲ. ಆಗ ಅಡುಗೆಮನೆಯ ಗೋಡೆಯ ಆಚೆಯಿಂದ, ಉಂಡೆಯಿಲ್ಲದೆ, ಮುಖವಿಲ್ಲದೆ, ಬರೀ ದನಿ ಬಂತು.

"ರೀ..."

ಮದುವೆಯಾದಂದಿನಿಂದ ಅವಳು ಅವನ ಕಣ್ಣಿಗೆ ಕಾಣದ ಜಾಗದಿಂದ ಅವನನ್ನು ಕರೆದದ್ದೇ ಇಲ್ಲ. ಲಾಳಿ ಕುರ್ಚಿಯಿಂದ ಅರ್ಧ ಎದ್ದ. ಓಗೊಡಲು ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡು ಮೆಲ್ಲಗೆ ಕೂತುಬಿಟ್ಟ.

"ರೀ, ಕೇಳಿಸ್ತಾ?"

ಅವನು ಉಸಿರು ಬಿಗಿಹಿಡಿದ. ಹೆಜ್ಜೆಯ ಸದ್ದು ಹತ್ತಿರವಾಯಿತು. ಬಾಗಿಲಲ್ಲಿ ಅವಳು ಕಾಣಿಸಿಕೊಂಡಳು, ಶಾಲು ಹೆಗಲ ಮೇಲಿತ್ತು, ಕೈಯಲ್ಲಿ ಹಳೆಯ ನೂಲುಂಡೆ.

"ಯಂತ್ರ ಹಾಕ್ಕೊಂಡಿಲ್ವಾ?"

"ಹಾಕ್ಕೊಂಡಿದೀನಲ್ಲ."

"ಮತ್ತೆ ಎರಡು ಸಲ ಕರೆದೆ, ಕೇಳಿಸ್ಲಿಲ್ವಾ?"

"ಎರಡು ಸಲಾನೂ ಕೇಳಿಸ್ತು," ಎಂದ ಲಾಳಿ. "ಒಳಗೆ ಹೋಗಿ ಇನ್ನೊಂದ್ಸಲ ಕರಿ."

ಉಂಡೆ ನೇರ ಬಂದು ಎದೆಗೆ ಬಿತ್ತು. ಗೊಣಗುತ್ತಾ ಅವಳು ಒಳಗೆ ಹೋದಳು. ಗೊಣಗಿದ್ದೂ ಕೇಳಿಸಿತು. ಲಾಳಿ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಕಾದು ಕೂತ.